ತುಪ್ಪಟ ಒಂದೇ, ಮುಖ ಬೇರೆ

"ಬೇಗ ಅಕ್ಕೋರೇ, ಬೇಗ. ಎಲೆ ಸಪ್ಪೆ ಆಗ್ತಾ ಬಂತು," ಎಂದು ಮೆಲಿತೋನ್ ಬಾಯೊಳಗಿನ ಉಂಡೆಯನ್ನು ಎಡಗೆನ್ನೆಯಿಂದ ಬಲಗೆನ್ನೆಗೆ ದಾಟಿಸಿದ.

ಬೆಟ್ಟದೂರು ಚುಯಾಪಂಪದ ಕಾವಲು ಪಡೆಯ ಈ ಯಜಮಾನನ ನ್ಯಾಯಕ್ಕೆ ಗಡಿಯಾರವಿಲ್ಲ. ಆಪಾದಿತನ ಕಡೆಯವರು ಮಾತಿಗೆ ನಿಂತಾಗ ಒಂದು ಹಿಡಿ ಕೋಕಾ ಎಲೆ ಬಾಯಿಗೆ ಹಾಕಿಕೊಳ್ಳುತ್ತಾನೆ. ರಸವಿರುವ ತನಕ ಕೇಳುತ್ತಾನೆ. ಉಗಿದನೆಂದರೆ ವಾದ ಮುಗಿಯಿತು. ಆಮೇಲೆ ಬೆಟ್ಟದ ದೇವರೇ ಇಳಿದು ಬಂದು ಸಾಕ್ಷಿ ಹೇಳಿದರೂ ಕಿವಿಗೊಡುವವನಲ್ಲ.

ಸೆಲೆದೋನಿಯಾ ಕಲ್ಲಿನ ದೊಡ್ಡಿಯಲ್ಲಿ, ಹೆಪ್ಪುಗಟ್ಟಿದ ಹಿಕ್ಕೆಯ ಮೇಲೆ ಮಂಡಿಯೂರಿ ಕೂತಿದ್ದಳು. ಅವಳ ಎದುರಿಗೆ, ಕುರಿಯಂತೆ ತುಪ್ಪಟಕ್ಕಾಗಿ ಸಾಕುವ ಉದ್ದ ಕತ್ತಿನ ಒಂದು ಬಿಳಿ ಗಂಡು ಅಲ್ಪಾಕಾ, ತನ್ನಿಂದಾಗಿ ಇಷ್ಟು ಜನ ಸೇರಿದ್ದಾರೆಂಬ ಪರಿವೆಯೇ ಇಲ್ಲದೆ, ದವಡೆ ಆಡಿಸುತ್ತ ನಿಂತಿತ್ತು. ನಿನ್ನೆ ಅಲ್ಪಾಕಾ ಮೇಳದ ಮಹಾಬಹುಮಾನ ಗೆದ್ದ, ಸೆನೆಟರ್ ಎಂಬ ಹೆಸರಿನ ಗಂಡು ಇರಬೇಕಾಗಿದ್ದ ಜಾಗದಲ್ಲಿ ಇಂದು ಬೆಳಿಗ್ಗೆ ಇದು ಸಿಕ್ಕಿತ್ತು. ದೊಡ್ಡಿಗೆ ಕಾವಲಿದ್ದವನು ಅವಳ ತಮ್ಮ ಅನ್ಸೆಲ್ಮೋ.

ಗೋಡೆಯಾಚೆ, ಕೆರೆಯ ಅಂಚಿನಲ್ಲಿ, ಇಬ್ಬರು ಕೋಲಿನಿಂದ ಮಂಜುಗಡ್ಡೆ ಒಡೆಯುತ್ತಿದ್ದರು.

ಪ್ರಾಣಿ ಕದ್ದವನ ಬಾಯಿ ಬಿಡಿಸಲು ಇಲ್ಲಿಯವರಿಗೆ ಇರುವ ಉಪಾಯ ಒಂದೇ: ಕತ್ತಿನ ತನಕ ಆ ನೀರಲ್ಲಿ ಇಳಿಸುವುದು. ಸಾಮಾನ್ಯವಾಗಿ ಸೊಂಟ ಮುಳುಗುವಷ್ಟರಲ್ಲಿ ಕಳ್ಳತನ ಹೊರಗೆ ಬರುತ್ತದೆ. ಕೆಲವೊಮ್ಮೆ ಮಾಡದ ಕಳ್ಳತನವೂ ಬರುತ್ತದೆ. ಆದರೆ ಅನ್ಸೆಲ್ಮೋ ಚಿನ್ನದ ಗಣಿಯ ಸುರಂಗದಲ್ಲಿ ದುಡಿದು, ಚಿನ್ನ ಬಿಟ್ಟು ಅಲ್ಲಿನ ದೂಳನ್ನೆಲ್ಲ ಎದೆಯಲ್ಲಿ ತುಂಬಿಕೊಂಡು ಬಂದವನು. ಬೆಚ್ಚಗಿನ ಸೂಪು ಕುಡಿಯುವಾಗಲೂ ಮಧ್ಯೆ ಉಸಿರಿಗಾಗಿ ನಿಲ್ಲುತ್ತಾನೆ. ಅವನು ಆ ನೀರಿಗಿಳಿದರೆ ನಡೆದುಕೊಂಡು ಮೇಲೆ ಬರುವುದಿಲ್ಲ. ಇದು ಸೆಲೆದೋನಿಯಾಳಿಗೆ ಗೊತ್ತಿತ್ತು, ಮೆಲಿತೋನನಿಗೂ ಗೊತ್ತಿತ್ತು. ಪೊಲೀಸರು ಬರಬೇಕಾದ ರಸ್ತೆಯನ್ನು ಗುಡ್ಡ ಜರಿದು ನುಂಗಿತ್ತು.

ಕೆಳಗಿನ ಮೈದಾನದಲ್ಲಿ ಬ್ಯಾಂಡಿನವರು ಕುಣಿತದ ಹಾಡು ಊದುತ್ತಲೇ ಇದ್ದರು. ನಿಲ್ಲಿಸಿ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

"ಯಜಮಾನ್ರೇ, ಮೊದಲು ಇದರ ಮುಖ ನೋಡಿ," ಎಂದಳು ಅವಳು.

ಪ್ರಾಣಿಯ ಹಣೆಯ ಮೇಲೆ ಇಳಿಬಿದ್ದಿದ್ದ ಬಿಳಿ ಜುಟ್ಟನ್ನು ಎರಡೂ ಕೈಯಿಂದ ಮೇಲೆತ್ತಿದಳು. ಕೆಳಗೆ ಉದ್ದನೆಯ ಮೂತಿ, ಕಿರಿದಾದ ಕೆನ್ನೆ, ಕೆಳತುಟಿಯ ಮೇಲೆ ಕಾಳಿನಷ್ಟು ಕಪ್ಪು ಮಚ್ಚೆ.

"ಸೆನೆಟರ್ ಮುಖ ಹೀಗಿತ್ತಾ?"

"ಎಲ್ಲಿ ಬಂತು!" ಎಂದಳು ಹಸಿಂತಜ್ಜಿ ಗುಂಪಿನೊಳಗಿಂದ. "ನನ್ನ ಮಗಂದು ರೊಟ್ಟಿ ಹಂಗೆ ಅಗಲ ಮುಖ. ಇದ್ಯಾವ್ದೋ ಹಸಿದ ಪಾದ್ರಿ ಇದ್ದಂಗಿದೆ."

ಕಳ್ಳತನವನ್ನು ಕಂಡುಹಿಡಿದವಳು ಈ ಅಜ್ಜಿಯೇ. ತಾಯಿ ಸತ್ತ ಮರಿಯಾಗಿದ್ದ ಸೆನೆಟರನನ್ನು ಬಾಟಲಿ ಹಾಲು ಕುಡಿಸಿ, ಒಲೆಯ ಪಕ್ಕ ಮಲಗಿಸಿ ಬೆಳೆಸಿದ್ದಳು. ಯಾರ ಮಾತೂ ಕೇಳುವುದಿಲ್ಲ, ಎದುರು ಬಂದವರ ಮೇಲೆಲ್ಲ ಉಗಿಯುತ್ತಾನೆ, ಆದರೂ ಪ್ರತಿ ಸಲ ಗೆಲ್ಲುತ್ತಾನೆ ಎಂದು ಆ ಹೆಸರಿಟ್ಟವಳೂ ಅವಳೇ. ದೊಡ್ಡವನಾದ ಮೇಲೆ ಅವನನ್ನು ಊರ ಮಂದೆಗೆ ಕೊಟ್ಟಿದ್ದಳು. ಮಂದೆ ಇರುವುದು ಮೇಲಿನ ಹುಲ್ಲುಗಾವಲಿನಲ್ಲಿ, ಅನ್ಸೆಲ್ಮೋನ ವಶದಲ್ಲಿ. ಈ ದಿನ ಬೆಳಕು ಹರಿಯುತ್ತಲೇ ಗೆದ್ದ ಮಗನಿಗೆ ಹೂವಿನ ಹಾರ ಹಾಕಲು ನಡೆದು ಬಂದರೆ, ದೊಡ್ಡಿಯಲ್ಲಿದ್ದದ್ದು ಅವಳ ಮೇಲೆ ಉಗಿಯಲಿಲ್ಲ. ಅಜ್ಜಿಗೆ ಅಷ್ಟೇ ಸಾಕಾಯಿತು. ಬೊಬ್ಬೆ ಹೊಡೆದಳು.

"ಮೆಲಿತೋನಣ್ಣಾ," ಸೆಲೆದೋನಿಯಾ ಧ್ವನಿ ಸಡಿಲಿಸಿದಳು. "ನಿಮ್ಮ ಹೆಂಡ್ತಿ ಲಂಗ, ಹೆಂಡ್ತಿ ಟೋಪಿ ಹಾಕ್ಕೊಂಡು ಬೇರೆ ಯಾರೋ ಹೆಂಗಸು ನಿಮ್ಮನೆ ಒಲೆ ಮುಂದೆ ಕೂತಿದ್ರೆ ನಿಮಗೆ ಗೊತ್ತಾಗಲ್ವಾ?"

"ಗೊತ್ತಾಗುತ್ತೆ," ಎಂದ ಹಿಂದಿನಿಂದ ಒಬ್ಬ. "ಆದ್ರೆ ಯಜಮಾನ್ರು ಸುಮ್ಮನಿದ್ರೂ ಇರ್ತಾರೆ!"

ನಗು ಎದ್ದಿತು. ಮೆಲಿತೋನ್ ನಗಲಿಲ್ಲ, ನಕ್ಕರೆ ಎಲೆಯ ರಸ ಹೊರಗೆ ಹರಿಯುತ್ತದೆ.

"ಮಂದೆ ಕಾಯೋನಿಗೆ ಅಲ್ಪಾಕಾ ಅಂದ್ರೆ ಮುಖ," ಎಂದು ಅವಳು ಬಿಡದೆ ಮುಂದುವರಿಸಿದಳು. "ನೂರು ಬಿಳಿ ಇದ್ರೂ ನೂರು ಮುಖ. ನಮ್ಮ ಅನ್ಸೆಲ್ಮೋ ಕದಿಯೋ ಹಾಗಿದ್ರೆ, ಸೆನೆಟರ್ ಜಾಗಕ್ಕೆ ಅವನ ಹಂಗೇ ಅಗಲ ಮುಖದ ಒಂದನ್ನ ತಂದು ನಿಲ್ಲಿಸ್ತಿದ್ದ. ಮಂದೇಲಿ ಸೆನೆಟರಿಗೆ ಹುಟ್ಟಿದ ಮಕ್ಕಳೇ ಬೇಕಾದಷ್ಟಿವೆ, ಅಪ್ಪನ ಪಡಿಯಚ್ಚು. ಅದನ್ನೆಲ್ಲ ಬಿಟ್ಟು ಈ ಪಾದ್ರಿ ಮುಖದ್ದನ್ನ ಯಾಕೆ ತರ್ತಾನೆ? ಮುಖ ನೋಡದೆ ಇರೋ ಮಂದೆಕಾಯೋನು ಈ ಬೆಟ್ಟದಲ್ಲಿ ಹುಟ್ಟಿಲ್ಲ. ಹೌದೋ ಅಲ್ವೋ?"

"ಹೌದು," ಎಂದಿತು ಗುಂಪು, ಒಂದೇ ಗಂಟಲಲ್ಲಿ. ಇದು ಅವರ ಹೆಮ್ಮೆಯ ವಿಷಯ. ಇಲ್ಲವೆನ್ನಲು ಯಾರಿಗೂ ನಾಲಿಗೆ ಬರುತ್ತಿರಲಿಲ್ಲ.

ಸೆಲೆದೋನಿಯಾ ಒಮ್ಮೆ ತಮ್ಮನತ್ತ ನೋಡಿದಳು. ಗೋಡೆಗೊರಗಿ, ಕೈಗಳನ್ನು ಹಗ್ಗದಲ್ಲಿ ಕಟ್ಟಿಸಿಕೊಂಡು, ಅವನು ನೆಲ ನೋಡುತ್ತಿದ್ದ. ಕೆಮ್ಮು ಬಂದಾಗ ಮಾತ್ರ ಭುಜ ಅಲ್ಲಾಡುತ್ತಿತ್ತು.

"ಈಗ ತುಪ್ಪಟ ನೋಡಿ."

ಇದು ಅವಳ ಕಸುಬು. ಮೇಳದಿಂದ ಮೇಳಕ್ಕೆ ಹೋಗಿ ಅಲ್ಪಾಕಾಗಳಿಗೆ ತೀರ್ಪು ಕೊಟ್ಟೇ ಅವಳ ಕೂದಲು ನೆರೆತಿತ್ತು. ಹಿಂದೊಮ್ಮೆ ಬಣ್ಣ ಬಳಿದ ಕಪ್ಪು ಪ್ರಾಣಿಯನ್ನು, ಇನ್ನೊಮ್ಮೆ ಹಲ್ಲಿಗೆ ಅರ ಹಾಕಿ ವಯಸ್ಸು ಇಳಿಸಿದ ಮುದಿ ಗಂಡನ್ನು ಹಿಡಿದುಕೊಟ್ಟಿದ್ದರಿಂದ ಪತ್ತೇದಾರಳೆಂಬ ಹೆಸರೂ ಅಂಟಿಕೊಂಡಿತ್ತು. ಇಂಥ ಹೆಸರುಗಳು ದೂರದ ನೆಂಟರಿದ್ದಂತೆ. ನಮ್ಮ ಮನೆಯಲ್ಲಿ ಕಷ್ಟವಿರುವಾಗಲೇ ಬಾಗಿಲು ತಟ್ಟುತ್ತವೆ.

ಭುಜದ ಮೇಲೆ ಎರಡೂ ಅಂಗೈ ಒತ್ತಿ, ತುಪ್ಪಟವನ್ನು ಬೈತಲೆ ತೆಗೆದಂತೆ ಬಿಡಿಸಿದಳು. ಒಳಗೆ ಹಾಲಿನ ಬಿಳುಪು. ಚರ್ಮದಿಂದ ತುದಿಯ ತನಕ ಸಣ್ಣ ಸಣ್ಣ ನಿರಿಗೆಗಳು, ಒಂದರ ಮೇಲೊಂದು. ಪಕ್ಕೆಯ ಮೇಲೂ ಅದೇ. ತೊಡೆಯ ಮೇಲೆ, ಸಾಮಾನ್ಯವಾಗಿ ಒರಟು ಕೂದಲು ತಲೆಹಾಕುವ ಕಡೆಯಲ್ಲೂ, ಅದೇ ನವಿರು.

"ಹೋದ ವರ್ಷ ಸೆನೆಟರಿಗೆ ಬಹುಮಾನ ಕೊಟ್ಟೋಳು ನಾನು. ಈ ಬೆರಳಿಗೆ ನೆನಪಿದೆ. ಮುಖ ಬೇರೆ, ಆದ್ರೆ ತುಪ್ಪಟ ಅವಳಿ-ಜವಳಿ. ಇದನ್ನ ಆರಿಸಿದೋನು ಮುಖ ನೋಡಲಿಲ್ಲ. ತುಪ್ಪಟ ಮಾತ್ರ ನೋಡ್ದ. ಅವನಿಗೆ ಪ್ರಾಣಿ ಅಂದ್ರೆ ತುಪ್ಪಟ, ಉಳಿದದ್ದೆಲ್ಲ ಅದನ್ನ ಹೊತ್ತು ತಿರುಗೋ ಕಾಲು. ಅಂಥವರು ನಮ್ಮೂರಲ್ಲಿ ಯಾರಿದ್ದಾರೆ?"

ಎಲ್ಲರ ಕತ್ತೂ ಒಂದೇ ಕಡೆ ತಿರುಗಿತು.

ಅಲ್ಲಿ ನಿಂತಿದ್ದ ಎವರಿಸ್ತೋ ಅರೆಕಿಪಾ ನಗರದಿಂದ ಬಂದ ತೀರ್ಪುಗಾರ, ಉಣ್ಣೆ ಕಾರ್ಖಾನೆಯವರ ಮನುಷ್ಯ. ನೀಳವಾದ ಕೋಟು, ಹಿಕ್ಕೆ ಮೆತ್ತಿದ ಪಾಲಿಶ್ ಬೂಟು. ಕಾರ್ಖಾನೆಗೆ ಬೇಕಾದದ್ದು ಬಿಳುಪು, ನವಿರು, ಎಲ್ಲ ಕಡೆಯೂ ಒಂದೇ ಸಮ. ಬಣ್ಣ ಹಾಕುವುದು ತಮ್ಮ ಕೆಲಸವಾದ್ದರಿಂದ, ದೇವರು ಮೊದಲೇ ಬಣ್ಣ ಹಾಕಿ ಕಳಿಸಿದ ಪ್ರಾಣಿಯನ್ನು ಅವರು ಮೂಸುವುದಿಲ್ಲ. ಕಪ್ಪು, ಕಂದು, ಬೂದಿ ಬಣ್ಣದವು ಕೈಮಗ್ಗದವರ ಪಾಲು. ನಿನ್ನೆ ಪಕ್ಕದ ಅಂಕಣದಲ್ಲಿ ಅವನ್ನು ನೋಡುತ್ತಿದ್ದವಳು ಸೆಲೆದೋನಿಯಾ. ಹಾಗಾಗಿ ಈ ವರ್ಷ ಸೆನೆಟರ್ ಅವಳ ಕಣ್ಣಿಗೆ ಬಿದ್ದಿರಲೇ ಇಲ್ಲ. ಬಿಳಿಯವಕ್ಕೆ ಈ ಸಲ ಹೊಸ ನಿಯಮ ಬಂದಿತ್ತು: ತುಪ್ಪಟಕ್ಕೆ ಮಾತ್ರ ಅಂಕ; ಮುಖ, ಕಾಲು, ಹಲ್ಲು ಯಾವುದೂ ಲೆಕ್ಕಕ್ಕಿಲ್ಲ. ಮುಖ ನೋಡಿ ಮಣೆ ಹಾಕುವ ರೂಢಿ ತಪ್ಪಲಿ ಎಂದು ಕಾರ್ಖಾನೆಯವರೇ ಪಟ್ಟು ಹಿಡಿದು ಮಾಡಿಸಿದ್ದು.

"ನಾನೇ?" ಎಂದ ಎವರಿಸ್ತೋ.

"ವರ್ಷವರ್ಷವೂ ಸೆನೆಟರನ್ನ ಮಾರಿ, ಮಾರಿ ಅಂತ ಊರವರ ಕಾಲಿಗೆ ಬೀಳ್ತಿದ್ದೋರು ಯಾರು ಸಾಹೇಬ್ರೇ? ನಿಮ್ಮ ಕಾರ್ಖಾನೆಯೋರು. ಊರು ಒಪ್ಪಲಿಲ್ಲ. ನಿನ್ನೆ ಅವನ ತುಪ್ಪಟ ಅಂಗೈಯಗಲ ಬಿಡಿಸಿ ನೋಡಿದೋರು ಯಾರು? ನೀವು. ಇದಕ್ಕೆ ಇನ್ನೊಂದು ಜೋಡಿ ಎಲ್ಲಿದೆ ಅಂತ ಬೆರಳಿಂದಲೇ ಹೇಳಬಲ್ಲೋರು ಈ ಮೇಳದಲ್ಲಿ ಇಬ್ಬರೇ. ನಾನು ಕದ್ದಿಲ್ಲ."

ಕಾವಲು ಪಡೆಯ ನಾಲ್ವರು, ಯಾರೂ ಹೇಳದೆಯೇ, ಎವರಿಸ್ತೋನ ಹಿಂದೆ ಹೋಗಿ ನಿಂತರು. ಚಾವಟಿಗಳು ಇನ್ನೂ ಹೆಗಲ ಮೇಲೇ ಇದ್ದವು.

ಎವರಿಸ್ತೋ ಕೆರೆಯ ಕಡೆ ನೋಡಿದ. ಅವನೂ ಹರೆಯದವನೇನಲ್ಲ. ಬಣ್ಣ ಇಳಿದ ಮುಖದಲ್ಲಿ ಮೂಗು ಮಾತ್ರ ಚಳಿಗೆ ಕೆಂಪಗಿತ್ತು. ಸೆಲೆದೋನಿಯಾಳ ಎದೆಯಲ್ಲಿ ಬೆಳಗಿನಿಂದ ಮೊದಲ ಬಾರಿಗೆ ಸಣ್ಣ ಆಸೆ ಚಿಗುರಿತು. ಅದರ ಹಿಂದೆಯೇ ಸಣ್ಣ ನಾಚಿಕೆ.

"ಅಮ್ಮಾ, ನೀವು ನೋಡಿದ್ದು ಎಡ ಮಗ್ಗುಲು," ಎಂದ ಅವನು ಅವಳತ್ತ ತಿರುಗಿ. "ಬಲಗಡೆ ನೋಡಿದಿರಾ?"

"ಯಾಕೆ?"

"ನಾನು ಎಡಗೈಯವನು. ಬಲ ಮಗ್ಗುಲಲ್ಲಿ ನಿಂತು ನೋಡೋದು ನನ್ನ ಅಭ್ಯಾಸ. ಗೆದ್ದ ಪ್ರಾಣಿಯಿಂದ ಕಾರ್ಖಾನೆಗೆ ಅಂತ ಒಂದು ಎಳೆಗೊಂಚಲು ಕತ್ತರಿಸ್ಕೋತೀನಿ. ನಿನ್ನೆ ಎಲ್ಲರ ಎದುರಿಗೇ ಕತ್ತರಿಸಿದೆ. ನೋಡಿಲ್ವಾ ನೀವೆಲ್ಲ?"

ನೋಡಿದ್ದರು. ಚಪ್ಪಾಳೆಯನ್ನೂ ತಟ್ಟಿದ್ದರು. ಮೆಲಿತೋನನ ತಲೆ ಹೌದೆಂಬಂತೆ ಆಡಿತು.

ಎವರಿಸ್ತೋ ದೊಡ್ಡಿಯೊಳಗೆ ಬಂದು, ಪ್ರಾಣಿಯ ಬಲಪಕ್ಕೆಗೆ ಕೈ ಇಟ್ಟು, ತುಪ್ಪಟ ಬಿಡಿಸಿದ. ಚರ್ಮದ ಹತ್ತಿರ ಎರಡು ಬೆರಳಗಲ ಮೋಟು. ಕತ್ತರಿ ಆಡಿದ ಜಾಗ.

"ಈಗ್ಲೇ ಯಾರು ಬೇಕಾದ್ರೂ ಕತ್ತರಿಸಿರಬಹುದು," ಎಂದಳು ಸೆಲೆದೋನಿಯಾ. "ನೀವೇ ಕತ್ತರಿಸಿರಬಹುದು."

"ಇರಬಹುದು. ಹಾಗಂತೀರಿ ಅಂತಲೇ ಇದು." ಕೋಟಿನ ಒಳಜೇಬಿನಿಂದ ಪುಟ್ಟ ಪ್ಲಾಸ್ಟಿಕ್ ಚೀಲ ತೆಗೆದು ಮೆಲಿತೋನನಿಗೆ ಚಾಚಿದ. "ಯಜಮಾನ್ರೇ, ನಿನ್ನೆ ಅಂಕಣದ ಬಾಗಿಲಲ್ಲೇ ಇದಕ್ಕೆ ಮೊಹರು ಹಾಕಿ, ಅದರ ಮೇಲೆ ಹೆಬ್ಬೆಟ್ಟು ಒತ್ತಿದೋರು ನೀವು. ಒಡೆದಿದೆಯಾ, ನೋಡಿ."

ಮೆಲಿತೋನ್ ತಿರುಗಿಸಿ ಮುರುಗಿಸಿ ನೋಡಿದ. "ಒಡೆದಿಲ್ಲ. ನಂದೇ ಹೆಬ್ಬೆಟ್ಟು."

"ಒಡೀರಿ. ಅಮ್ಮನ ಕೈಗೆ ಕೊಡಿ. ಅವರೇ ಹೇಳಲಿ."

ಗೊಂಚಲು ಸೆಲೆದೋನಿಯಾಳ ಅಂಗೈಗೆ ಬಂತು. ಬಿಳುಪು, ನವಿರು, ನಿರಿಗೆ ಎಲ್ಲ ಸರಿ. ಎರಡೂ ತುದಿ ಹಿಡಿದು ಕಿವಿಯ ಹತ್ತಿರ ತಂದು ಒಮ್ಮೆ ಜಗ್ಗಿದಳು. ಆರೋಗ್ಯದ ಎಳೆ ತಂತಿಯಂತೆ ಮಿಡಿಯಬೇಕು. ಇದು ಪಟಪಟ ಎಂದಿತು. ಮಧ್ಯದಲ್ಲಿ, ಒಂದೇ ಗೆರೆಯಲ್ಲಿ, ಹರಿದು ಎರಡಾಯಿತು.

ಹಸಿವಿನ ಗೆರೆ. ಪ್ರಾಣಿ ಎಂದೋ ಮೇವಿಲ್ಲದೆ ನರಳಿದ ಕಾಲ ತುಪ್ಪಟದಲ್ಲಿ ಉಳಿದುಹೋಗುತ್ತದೆ. ಆಗ ಬೆಳೆದ ಎಳೆ ಅಷ್ಟು ಜಾಗದಲ್ಲಿ ಸಣಕಲಾಗಿರುತ್ತದೆ.

ಅವಳು ಪ್ರಾಣಿಯ ಬಲಪಕ್ಕೆಯಿಂದ, ಮೋಟಿನ ಪಕ್ಕದಲ್ಲೇ, ಇನ್ನೊಂದು ಗೊಂಚಲು ಕತ್ತರಿಸಿ ಜಗ್ಗಿದಳು. ಪಟಪಟ. ಅದೇ ಎತ್ತರ, ಅದೇ ಗೆರೆ.

"ಸೆನೆಟರ್ ಹಸಿದಿದ್ದು ಯಾವಾಗ?" ಎಂದ ಎವರಿಸ್ತೋ ಮೆಲ್ಲಗೆ. "ಊರೆಲ್ಲ ಉಪವಾಸ ಇದ್ರೂ ಅವನಿಗೆ ಬಾರ್ಲಿ ಬೀಳ್ತಿತ್ತು, ಅಲ್ವೇ?"

"ನನ್ನ ಪಾಲಿಂದೂ ಅವನೇ ತಿಂದಿದ್ದಾನೆ," ಎಂದಳು ಹಸಿಂತಜ್ಜಿ.

ಸೆಲೆದೋನಿಯಾ ತಲೆಯೆತ್ತಿದಳು. "ನಿನ್ನೆ ನಿಮಗೆ ಈ ಗೆರೆ ಗೊತ್ತಾಗಲಿಲ್ವಾ?"

ಎವರಿಸ್ತೋ ಕೋಟಿನ ಗುಂಡಿಯನ್ನು ಹಾಕಿ, ತೆಗೆದು, ಮತ್ತೆ ಹಾಕಿದ.

"ಗೊತ್ತಾಯ್ತು. ಬೆರಳಿಗೆ ಸಿಕ್ತು. ಇಂಥ ತುಪ್ಪಟ ಯಂತ್ರಕ್ಕೆ ಹಾಕಿದ್ರೆ ಪುಡಿಪುಡಿ. ಕೊನೆಯ ಸಾಲಿಗೆ ತಳ್ಳಬೇಕಿತ್ತು. ಸೆನೆಟರ್ ಅಲ್ವಾ, ನನ್ನ ಬೆರಳೇ ತಪ್ಪಿರಬೇಕು ಅಂದ್ಕೊಂಡೆ. ಮುಖ ನೋಡಬಾರದು ಅನ್ನೋ ನಿಯಮ ತಂದೋರು ನಾವು. ಹೆಸರು ನೋಡಿ ಮಣೆ ಹಾಕಿದೆ." ಅವನು ಗುಂಪಿನತ್ತ ತಿರುಗಿದ. "ಈ ಮಾತು ಅರೆಕಿಪಾ ಮುಟ್ಟಿದ ದಿನ ನನ್ನನ್ನ ಯಾವ ಮೇಳಕ್ಕೂ ಕರೆಯಲ್ಲ. ಆದ್ರೂ ಆ ನೀರಿಗಿಂತ ಇದೇ ವಾಸಿ."

"ಅಕ್ಕೋರೇ," ಎಂದ ಮೆಲಿತೋನ್. "ಹೇಳಿಬಿಡಿ. ಚೀಲದಲ್ಲಿದ್ದದ್ದೂ ಇದೂ ಒಂದೇನಾ?"

ಬೇರೆ ಬೇರೆ ಎಂದರೆ ಸಾಕು. ಎಳೆಯ ವಿಷಯದಲ್ಲಿ ಈ ಬೆಟ್ಟದಲ್ಲಿ ಅವಳ ಮಾತಿಗೆ ಎದುರಿಲ್ಲ. ಹಾಗೆಂದ ಕ್ಷಣವೇ ಹಗ್ಗ ಅನ್ಸೆಲ್ಮೋನ ಕೈಯಿಂದ ಎವರಿಸ್ತೋನ ಕೈಗೆ ಹೋಗುತ್ತದೆ. ಆ ಮಾತು ನಾಲಿಗೆಯ ತುದಿಗೆ ಬಂದು ಕೂತೂ ಬಿಟ್ಟಿತು. ಎದುರಿಗೆ ನಿಂತವನ ಕೆಂಪು ಮೂಗಿನಿಂದ ಹನಿಯೊಂದು ಇಳಿಯುತ್ತಿತ್ತು. ಅವನು ಅದನ್ನು ಒರೆಸಿಕೊಳ್ಳಲೂ ಮರೆತು ಅವಳ ಬಾಯಿಯನ್ನೇ ನೋಡುತ್ತಿದ್ದ.

"ಒಂದೇ," ಎಂದಳು.

ಹೇಳಿ ಮುಗಿಸುವ ಮೊದಲೇ ಅದರ ಮುಂದಿನ ಮೆಟ್ಟಿಲು ಅವಳಿಗೆ ಕಂಡಿತು. ಮೆಲಿತೋನ್ ಅದನ್ನು ನಿಧಾನವಾಗಿ, ಒಂದೊಂದೇ ಕಾಲಿಟ್ಟು ಹತ್ತಿದ.

"ಅಂದ್ರೆ... ನಿನ್ನೆ ಗೆದ್ದಿದ್ದು ಇದೇ. ಕಳ್ಳತನ ಆಗಿದ್ದು ರಾತ್ರಿ ಅಲ್ಲ. ಮೇಳಕ್ಕೂ ಮುಂಚೆ. ಅಂಕಣದೊಳಕ್ಕೆ ಬಂದಿದ್ದೇ ಇದು." ಅವನು ದವಡೆ ಆಡಿಸುವುದನ್ನು ನಿಲ್ಲಿಸಿದ. "ನಾವೆಲ್ಲ ದೂರದಿಂದ ಜುಟ್ಟು ನೋಡಿದ್ವಿ, ಕಿವೀಗೆ ಕಟ್ಟಿದ ಕೆಂಪು ಉಣ್ಣೆ ನೋಡಿದ್ವಿ, ಸೆನೆಟರ್ ಅಂದ್ಕೊಂಡ್ವಿ. ಹಗ್ಗ ಹಿಡ್ಕೊಂಡು ಒಳಗೆ ಕರ್ಕೊಂಡು ಬಂದೋನು ಯಾರು?"

ಬ್ಯಾಂಡು ಅದೇ ಹಾಡನ್ನು ಮತ್ತೆ ಮೊದಲಿನಿಂದ ಶುರು ಮಾಡಿತು.

"ಅಕ್ಕೋರೇ, ನೀವೇ ಹೇಳಿದ್ರಿ. ನಾವೂ ಹೌದು ಅಂದ್ವಿ. ಮುಖ ನೋಡದೆ ಇರೋ ಮಂದೆಕಾಯೋನು ಹುಟ್ಟಿಲ್ಲ ಅಂತ."

ಅವನು ಉಗಿದ. ಹಸಿರು ಉಂಡೆ ಕಲ್ಲಿನ ಮೇಲೆ ಬಿದ್ದು ಅಂಟಿಕೊಂಡಿತು.

"ಯಜಮಾನ್ರೇ, ಒಂದು ಮಾತು, ಅವನಿಗೆ ಹುಷಾರಿಲ್ಲ, ಎದೆ—"

"ಎಲೆ ಮುಗೀತು ಅಕ್ಕೋರೇ."

ಇಬ್ಬರು ಅನ್ಸೆಲ್ಮೋನ ತೋಳು ಹಿಡಿದರು. ಅವನು ಕೊಸರಾಡಲಿಲ್ಲ. ಹಗ್ಗ ಬಿಚ್ಚಿಸಿಕೊಂಡು, ಹೊದ್ದಿದ್ದ ಉಣ್ಣೆಯ ಪೋಂಚೊ ತೆಗೆದು ಮಡಿಸಿ ಗೋಡೆಯ ಮೇಲಿಟ್ಟ. ಗಾಳಿ ಬಂದರೆ ಹಾರದಿರಲೆಂದು ಅದರ ಮೇಲೊಂದು ಕಲ್ಲನ್ನೂ ಇಟ್ಟ. ಆಮೇಲೆ ಎಲ್ಲರಿಗಿಂತ ಮುಂದಾಗಿ ಕೆರೆಯತ್ತ ನಡೆದ.

ಸೆಲೆದೋನಿಯಾ ಓಡಿದಳು. ಅಷ್ಟು ಎತ್ತರದ ಆ ಜಾಗದಲ್ಲಿ ಅವಳ ವಯಸ್ಸಿನವರು ಓಡಬಾರದು; ಕಣ್ಣಿಗೆ ಕತ್ತಲು ಕಟ್ಟಿತು. ಅವನಿಗಿಂತ ಮೊದಲು ದಡ ಮುಟ್ಟಿ, ಒಡೆದ ಮಂಜುಗಡ್ಡೆಯ ನಡುವೆ ಮೊಣಕಾಲ ತನಕ ಇಳಿದು, ತೋಳು ಚಾಚಿ ಅಡ್ಡ ನಿಂತಳು. ಚಳಿ ಕಾಲಿಗಲ್ಲ, ಹಲ್ಲಿಗೆ ಕಚ್ಚಿತು.

"ನಿಂಗೆ ಗೊತ್ತಿತ್ತಾ? ನಿನ್ನೆ ಒಳಗೆ ತರೋವಾಗ, ಇದು ಅವನಲ್ಲ ಅಂತ ಗೊತ್ತಿತ್ತಾ?"

"ಗೊತ್ತಿತ್ತಕ್ಕ."

"ಕದ್ದೆಯಾ?"

"ಇಲ್ಲ."

"ಮತ್ತೆ ಯಾರು? ಯಾರು ಹೇಳಿದ್ರು ಇದನ್ನ ತಾ ಅಂತ? ಹೇಳೋ! ಒಂದು ಹೆಸರು ಹೇಳಿದ್ರೆ ಬಿಡ್ತಾರೆ ನಿನ್ನ."

"ನನ್ನ ಬಿಡ್ತಾರೆ, ಆ ಹೆಸರಿನವರನ್ನ ಇಳಿಸ್ತಾರೆ. ಅದಕ್ಕೇ ಹೇಳಲ್ಲ." ಅವನು ಉಸಿರಿಗಾಗಿ ನಿಂತ. "ದಾರಿ ಬಿಡು. ನೀರು ತಣ್ಣಗಿದೆ, ಕಾಲು ಹಿಡ್ಕೊಳ್ಳುತ್ತೆ ನಿಂಗೆ."

"ಹಿಡ್ಕೊಳ್ಳಲಿ. ಅಮ್ಮ ಸಾಯೋವಾಗ ನಿನ್ನ ನನ್ನ ಕೈಗೆ ಹಾಕಿ ಹೋದ್ಲು, ಈ ಕೆರೆ ಕೈಗಲ್ಲ. ನನ್ನ ತುಳ್ಕೊಂಡು ಹೋಗು, ಹೋಗೋ ಹಾಗಿದ್ರೆ. ಇಲ್ಲ, ನನಗಾದ್ರೂ ಹೇಳು. ನನಗೊಬ್ಬಳಿಗೆ."

ಕಾವಲಿನವರು ದಡದಲ್ಲಿ ನಿಂತಿದ್ದರು. ಬೂಟು ನೆನೆಸಿಕೊಳ್ಳುವ ಅವಸರ ಯಾರಿಗೂ ಇರಲಿಲ್ಲ. ಅನ್ಸೆಲ್ಮೋ ನೀರಿಗೆ ಒಂದು ಹೆಜ್ಜೆ ಇಟ್ಟ, ಇನ್ನೊಂದು ಇಟ್ಟ, ಅಕ್ಕನ ಹೆಗಲ ಮೇಲೆ ಕೈ ಊರಿದ. ಚಿಕ್ಕಂದಿನಲ್ಲಿ ಗುಟ್ಟು ಹೇಳುವಾಗ ಮಾಡುತ್ತಿದ್ದಂತೆ ಅವಳ ಟೋಪಿಯ ಅಂಚನ್ನು ಮೇಲಕ್ಕೆ ಸರಿಸಿ, ಕಿವಿಗೆ ಬಾಯಿ ಹಚ್ಚಿದ.

ಒಂದು ಹೆಸರು. ಅದರ ಹಿಂದೆ ಮೂರು ನಾಲ್ಕು ಮಾತು, ಅಷ್ಟೇ.

ದಡದಲ್ಲಿದ್ದವರಿಗೆ ಏನೂ ಕೇಳಿಸಲಿಲ್ಲ. ಅವರಿಗೆ ಕಂಡದ್ದು ಇಷ್ಟು: ಬೆಳಗಿನಿಂದ ತಮ್ಮನಿಗಾಗಿ ಗಂಟಲು ಹರಿದುಕೊಂಡ ಹೆಂಗಸು ಗುಂಪಿನಲ್ಲಿ ಯಾರ ಮುಖವನ್ನೂ ನೋಡದಿರಲು ಕಣ್ಣು ಮುಚ್ಚಿಕೊಂಡಳು. ಚಾಚಿದ ತೋಳುಗಳನ್ನು ಇಳಿಸಿದಳು.

ಮತ್ತೆ ಪಕ್ಕಕ್ಕೆ ಸರಿದು, ದಾರಿ ಬಿಟ್ಟಳು.